ಐರ್ಲೆಂಡಿನ ವರ್ತುಲ ಕೋಟೆಗಳು: ಗಣನೆ ಮತ್ತು ರಕ್ಷಣೆ

ಐರ್ಲೆಂಡಿನ ‘ರಾಥ್’ಗಳು ಹೆಸರಿಗೆ ಕೋಟೆ, ವಸ್ತುತಃ ಮಣ್ಣಿನ ಏರಿ, ಕಂದಕಗಳು ಸುತ್ತುವರಿದ ಒಕ್ಕಲುಮನೆಗಳು. ಮ್ಯಾಥ್ಯೂ ಸ್ಟೌಟ್ ಅವರು ‘ದಿ ಐರಿಷ್ ರಿಂಗ್‌ಫೋರ್ಟ್’ (1997) ಗ್ರಂಥದಲ್ಲಿ, ಕಲ್ಲಿನವನ್ನೂ ಸೇರಿಸಿ, ಇಂತಹ ಸುಮಾರು 45,000 ನೆಲೆಗಳನ್ನು ಗಣಿಸಿ, ಬಹುಪಾಲು ಕ್ರಿ. ಶ. 7ರಿಂದ 9ನೆಯ ಶತಮಾನಕ್ಕೆ ಸೇರಿದವೆಂದು ಪ್ರತಿಪಾದಿಸಿದ್ದಾರೆ. ಅವುಗಳ ಹಂಚಿಕೆಯಿಂದ ಅಂದಿನ ಸಮಾಜವನ್ನು ಅರಿಯಲೆತ್ನಿಸಿದ ಅವರ ಶ್ರಮ ಸ್ತುತ್ಯವಾದುದು. ಆದರೆ ಉತ್ತು ಸಮಗೊಳಿಸಿದ ರಾಥ್ ಸಹ ನಕ್ಷೆಯಲ್ಲಿ ಚುಕ್ಕೆಯಾಗಿ ಉಳಿಯುತ್ತದೆ. ಅದರೊಳಗಿನ ಸಾಕ್ಷ್ಯ ಉಳಿಯದು. ಆಂಟ್ರಿಮ್ ಕೌಂಟಿಯ ಡಿಯರ್ ಪಾರ್ಕ್ ಫಾರ್ಮ್ಸ್‌ನಲ್ಲಿ 1984-87ರ ಉತ್ಖನನವು, ತೇವದ ಮಣ್ಣಿನಲ್ಲಿ ಕೆಡದೆ ಉಳಿದಿದ್ದ, ಕಡ್ಡಿ ಹೆಣೆದು ಕಟ್ಟಿದ ಮನೆಗಳ ಅವಶೇಷಗಳನ್ನು ಬೆಳಕಿಗೆ ತಂದಿತು. ಇಂತಹ ಅರಿವನ್ನು ಗಣನೆ ಮಾತ್ರದಿಂದ ಪಡೆಯಲಾಗದು. ಯಕ್ಷಿಣಿಯರ ವಾಸಸ್ಥಾನವೆಂಬ ಭಯದಿಂದ ರೈತರು ಅನೇಕ ರಾಥ್‌ಗಳನ್ನು ಮುಟ್ಟದೆ ಬಿಟ್ಟರು. ಆ ಭಯ ಕುಂದಿದೆಡೆ ಶಾಸನದೊಡನೆ ಭೂಮಾಲಿಕರ ತಿಳಿವಳಿಕೆಯೂ ಅವನ್ನು ಕಾಯಬೇಕಾಗಿದೆ.