ವಂಶಾವಳಿ ಯಾರದು, ಊರು ಯಾರದು?

ಬೀದರಿನ ನಮ್ಮ ಕೆಲವು ಹುಡುಗರು ಕೇರಿಯ ಚರಿತ್ರೆ ಬರೆಯಲು ಹೊರಟಿದ್ದಾರೆ. ಮೊದಲ ಅಧ್ಯಾಯವನ್ನು ನನ್ನ ಕೈಗಿಟ್ಟರು. ನಮ್ಮ ಕುಲವನ್ನು ಒಬ್ಬ ರಾಜನಿಗೆ ಗಂಟು ಹಾಕಿದ್ದರು. ಔರಾದಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. "ರಾಜನ ಮಕ್ಳಾಗಿದ್ರ ಊರ ಹೊರಗ ಯಾಕ ಇಟ್ಟಾರ ತಮ್ಮಾ?" ಅಂದಳು.

ಊರಿನ ಚರಿತ್ರೆ ಬಹಳ ಕಡೆ ಬರಹಕ್ಕೆ ಇಳಿದದ್ದು ವಂಶಾವಳಿಯ ಬೆನ್ನೇರಿಯೇ. ನಮ್ಮ ಜಿಲ್ಲೆಯ ಕಲ್ಯಾಣವನ್ನು ಮುಂದೆ ರಾಜಧಾನಿ ಮಾಡಿಕೊಂಡ ಚಾಲುಕ್ಯರು, ತಮ್ಮ ಪೂರ್ವಿಕರಾದ 59 ಅರಸರು ಅಯೋಧ್ಯೆ ಆಳಿದರೆಂದು 11ನೇ ಶತಮಾನದ ತಾಮ್ರಪಟದಲ್ಲಿ ಕೊರೆಸಿದರು. 6ನೇ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ಅವರ ಮೂಲಪುರುಷನನ್ನು ಬ್ರಹ್ಮನ ಬೊಗಸೆಯಿಂದಲೇ ಹುಟ್ಟಿಸಿದ. ಅದೇ ಶತಮಾನದಲ್ಲಿ ದೂರದ ಐರ್ಲೆಂಡಿನ ಪಂಡಿತರು ತಮ್ಮ ಜನರನ್ನು ಬೈಬಲಿನ ನೋಹನಿಗೆ ಜೋಡಿಸಿ 'ಲೆಬೊರ್ ಗಬಾಲಾ' ಕಟ್ಟಿದರು. ಅಲ್ಲಿ ಅಧಿಕಾರ ಕೈಬದಲಾದರೆ ವಂಶಾವಳಿಯೂ ತಿದ್ದುಪಡಿ ಆಗುತ್ತಿತ್ತು. ಇದು ಬರೀ ಬಡಾಯಿ ಅಲ್ಲ. ದಾನಶಾಸನ ತೆಗೆದು ನೋಡಿ: ಮೇಲೆ ವಂಶ, ಕೆಳಗೆ ದಾನ ಕೊಟ್ಟ ಊರು, ಅದರ ಎಲ್ಲೆ. ಅಂದರೆ ವಂಶಾವಳಿ ಭೂಮಿಯ ಪತ್ರ. ಆ ಹೊಲ ಉತ್ತವರ ಮುತ್ತಾತನನ್ನು ಯಾರೂ ಕೇಳಲಿಲ್ಲ.

ಹಾಗಾದರೆ ನಮಗೆ ವಂಶ ಹೇಳುವವರೇ ಇರಲಿಲ್ಲವೆ? ಇದ್ದರು. ಹೆಳವರು ಎತ್ತು ಹೊಡೆದುಕೊಂಡು ಬಂದು ಒಕ್ಕಲು ಮನೆತನಗಳ ಪೀಳಿಗೆ ಓದಿದರೆ, ಮಾದಿಗರ ಮೂಲ ಹೇಳಿದವರು ದಕ್ಕಲಿಗರು. ಭೂಮಿಗಿಂತ ಮೊದಲೇ ಜಾಂಬವ ಹುಟ್ಟಿದ ಎಂಬ ಅವರ ಕಥೆ ಬ್ರಾಹ್ಮಣ ಪುರಾಣವನ್ನು ತಲೆಕೆಳಗು ಮಾಡುತ್ತದೆ. ಆದರೆ ಆ ಕಥೆ ಹೇಳಿದ ದಕ್ಕಲಿಗರನ್ನು ಮಾದಿಗರೂ ಮುಟ್ಟಿಸಿಕೊಳ್ಳಲಿಲ್ಲ. ಕಥೆ ತಿರುಗಿತು, ಏಣಿ ಹಾಗೇ ನಿಂತಿತು. ನಮ್ಮ ವಿಮರ್ಶೆ ಈ ನೋವನ್ನು ಮುಚ್ಚಿಡಬಾರದು.

1946ರಲ್ಲಿ ಶೂದ್ರರು ಸೂರ್ಯವಂಶದ ಕ್ಷತ್ರಿಯರಾಗಿದ್ದರೆಂದು ವಾದಿಸಿದ ಬಾಬಾಸಾಹೇಬರು, 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆಯುವಾಗ ನಮಗೆ ರಾಜವಂಶ ಕೊಡಲಿಲ್ಲ. ಇವರು ಊರ ಹೊರಗೆ ಯಾಕಿದ್ದಾರೆ ಎಂದು ಕೇಳಿದರು. ನಮ್ಮವ್ವ ಕೇಳಿದ್ದೂ ಅದನ್ನೇ. ಸೋತು ಚದುರಿದ ಜನ ಇವರು ಎಂಬ ಉತ್ತರವನ್ನು ಊಹೆಯೆಂದೇ ಮುಂದಿಟ್ಟರು. ಆ ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳರಿಗೆ ಅರ್ಪಿಸಿದರು. ಅದು ರಕ್ತದ ನಂಟಲ್ಲ, ಆರಿಸಿಕೊಂಡ ನಂಟು.

ಹುಡುಗರಿಗೆ ಇದನ್ನೆಲ್ಲ ಹೇಳಿದೆ. ಸಿಟ್ಟಾದರು. "ಎಲ್ಲಾರ್ಗೂ ರಾಜರು ಅದಾರ, ನಮಗಷ್ಟೇ ಯಾಕ ಬ್ಯಾಡ?" ಅಂದರು. ಈ ಹಸಿವು ಸುಳ್ಳಲ್ಲ. ಆದರೆ ರಾಜನ ಹೆಸರು ಬರೆದ ಕೂಡಲೇ, ಅವನ ಹೊಲ ಉತ್ತವರು ಮತ್ತೆ ಮರೆಯಾಗುತ್ತಾರೆ. ಹೆಣ್ಣುಮಕ್ಕಳಂತೂ ಲೆಕ್ಕಕ್ಕೇ ಬರುವುದಿಲ್ಲ.

ಭಾಲ್ಕಿಯಲ್ಲಿರುವ ನನ್ನ ಸೋದರತ್ತೆಗೆ ನಾಲ್ಕನೇ ತಲೆಮಾರಿನ ಹೆಸರು ಗೊತ್ತಿಲ್ಲ. ಆದರೆ 1972ರ ಬರದಲ್ಲಿ ಯಾವ ಮನೆಯವರು ದುಡಿಯಲಿಕ್ಕೆ ಹೈದರಾಬಾದಿಗೆ ಹೋದರು, ಊರ ಬಾವಿ ತೋಡುವಾಗ ಯಾರ್ಯಾರು ಮಣ್ಣು ಹೊತ್ತರು, ಎಲ್ಲ ಬಾಯಲ್ಲಿದೆ. ಮೊದಲ ಅಧ್ಯಾಯ ಆ ಬಾವಿಯಿಂದ ಶುರುವಾಗಲಿ ಅಂದಿದ್ದೇನೆ. ತೋಡಿದವರು ಅದರಲ್ಲಿ ನೀರು ಸೇದುವ ಹಾಗಿರಲಿಲ್ಲ ಎಂಬುದನ್ನೂ ಬರೆಯಲಿ.