ಹಿಂದೆ ಅಂದ್ರೆ ಎಷ್ಟು ಹಿಂದೆ?

ಎಲೆಕ್ಟ್ರಿಕ್ ಕಾರುಗಳ ರಿವ್ಯೂ ನೋಡೋದು ನನಗೊಂದು ಚಟ. ಎಲ್ಲದರಲ್ಲೂ ಅದೇ ಟೇಬಲ್ಲು: ರೇಂಜ್ ಎಷ್ಟು, ನೂರರ ವೇಗಕ್ಕೆ ಎಷ್ಟು ಸೆಕೆಂಡು, ಸ್ಕ್ರೀನ್ ಎಷ್ಟು ಇಂಚು. ಕೊನೆಗೆ ತೀರ್ಪು: ಟೆಸ್ಲಾಗಿಂತ ಉಳಿದವರು ಇನ್ನೂ ಐದು ವರ್ಷ ಹಿಂದೆ. ಈ ಐದು ವರ್ಷವನ್ನು ಯಾವ ಮೊಳದಲ್ಲಿ ಅಳೆದರು ಅಂತ ಯಾರೂ ಹೇಳಲ್ಲ.

ಒಂದು ಕಾಲಕ್ಕೆ ಆ ಮಾತಿನಲ್ಲಿ ಹುರುಳಿತ್ತು. 2019ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಡಿ ಇ-ಟ್ರಾನ್‌ಗೆ 95 ಕಿಲೋವ್ಯಾಟ್-ಅವರ್ ಬ್ಯಾಟರಿ, ಅಲ್ಲಿನ ಅಧಿಕೃತ ರೇಂಜ್ 204 ಮೈಲಿ. ಅದಕ್ಕಿಂತ ಚಿಕ್ಕ ಬ್ಯಾಟರಿಯ ಟೆಸ್ಲಾ ಮಾಡೆಲ್ 3ಗೆ 310 ಮೈಲಿ. ಆಡಿ ದಪ್ಪ ಗಾಡಿ, ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪಿದೆ. ಆದರೂ ನೂರು ಮೈಲಿ ಸಣ್ಣ ಅಂತರವಲ್ಲ. ಆ ಅಂತರ ಉಳಿಯಲಿಲ್ಲ. 2023ರ ಕೊನೆಯ ಮೂರು ತಿಂಗಳಲ್ಲಿ ಬಿವೈಡಿ, ಬರೀ ಬ್ಯಾಟರಿ ಕಾರುಗಳ ಲೆಕ್ಕದಲ್ಲೇ, ಟೆಸ್ಲಾಗಿಂತ ಹೆಚ್ಚು ಮಾರಿತು. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಫೋರ್ಡ್, ಅದರ ಬೆನ್ನಿಗೇ ಜಿಎಂ, ಟೆಸ್ಲಾದ ಪ್ಲಗ್ಗನ್ನೇ ತಾವೂ ಹಾಕ್ತೀವಿ ಅಂದವು. ಕಾರಿನಲ್ಲಿ ಸರಿಗಟ್ಟಬಹುದು; 2012ರಿಂದ ಊರೂರಿಗೆ ನೆಟ್ಟ ಚಾರ್ಜರ್‌ಗಳನ್ನು ಹಾಗೆ ಸರಿಗಟ್ಟೋಕಾಗಲ್ಲ ಅಂತ ಅವರಿಗೆ ಗೊತ್ತಾಗಿತ್ತು.

ನಮ್ಮ ರಿವ್ಯೂಗಳು ಮರೆಯೋದು ಇದನ್ನೇ. ಮರೀಬಾರದಿತ್ತು, ಯಾಕಂದ್ರೆ ಮುಂದಿದ್ದವರು ಹಿಂದೆ ಬಿದ್ದ ಕತೆ ನಮ್ಮ ಬೆಂಗಳೂರಿನದೇ. ರೇವಾ ರಸ್ತೆಗಿಳಿದದ್ದು 2001ರಲ್ಲಿ. ಟೆಸ್ಲಾ ತನ್ನ ಮೊದಲ ಕಾರು ಗ್ರಾಹಕರ ಕೈಗೆ ಕೊಟ್ಟಿದ್ದು 2008ರಲ್ಲಿ. ಏಳು ವರ್ಷ ಮುಂದೆ! ರೇವಾ ಲಂಡನ್ನಿನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿತು, ಅಲ್ಲಿನ ಟಿವಿಯವರ ಗೇಲಿಗೂ ಸಿಕ್ಕಿತು. ಎರಡೇ ಬಾಗಿಲು, ಸೀಸದ ಬ್ಯಾಟರಿ, ನಗರ ದಾಟಿದರೆ ದಿಕ್ಕಿಲ್ಲ. 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಹೋಯಿತು.

ಆಮೇಲೆ 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಂತು. ಪೆಟ್ರೋಲ್ ಕಾರಿನ ಮೈಯೊಳಗೇ 30.2 ಕಿಲೋವ್ಯಾಟ್-ಅವರ್ ಬ್ಯಾಟರಿ ಕೂರಿಸಿದ ಗಾಡಿ. ತಂತ್ರಜ್ಞಾನದ ಪವಾಡ ಏನಲ್ಲ. ಆದರೆ ಮನೆಯವರೆಲ್ಲ ಕೂರಬಹುದಾದ ಕಾರು, ಜೊತೆಗೆ ಅದೇ ಮನೆತನದ ಟಾಟಾ ಪವರ್ ಹಾಕುತ್ತಿದ್ದ ಚಾರ್ಜರ್‌ಗಳು. ಉಳಿದವರು ಅದರ ಧೂಳು ಕುಡಿದರು. 2024ರ ಸೆಪ್ಟೆಂಬರಿನಲ್ಲಿ ಎಂಜಿ ವಿಂಡ್ಸರ್, ಬ್ಯಾಟರಿಗೆ ಬಾಡಿಗೆ ಕಟ್ಟುವ ಯೋಜನೆಯೊಂದಿಗೆ 9.99 ಲಕ್ಷಕ್ಕೆ ಬಂದಮೇಲೆ ಟಾಟಾದ ಪಾಲು ಇನ್ನಷ್ಟು ಕರಗಿತು. ಹೊಸ ಮೋಟಾರಿಗಿಂತ ಹೊಸ ಲೆಕ್ಕಾಚಾರವೇ ಅಂತರ ಕಡಿಮೆ ಮಾಡಿತು ಅನ್ನಿ.

ನನ್ನೂರು ಯಮನೂರು, ನವಲಗುಂದದ ಹತ್ತಿರ, ಬೆಣ್ಣೆಹಳ್ಳದ ದಂಡೆ. ಚಾಂಗದೇವರ ಜಾತ್ರೆಗೆ ಟ್ರ್ಯಾಕ್ಟರ್, ಟಂಟಂ, ಬಸ್ಸು ತುಂಬಿ ಜನ ಬರೋ ಊರು. ಬೆಂಗಳೂರಿಂದ ಸುಮಾರು 450 ಕಿ.ಮೀ. ಇಲ್ಲಿ ಆ ಟೇಬಲ್ಲು ಓದಿ ಹೇಳಿದರೆ ನಮ್ಮ ಕಾಕಾ ಕೇಳೋದು ಒಂದೇ: "ಅದೆಲ್ಲಾ ಖರೇ ತಮ್ಮಾ, ಬ್ಯಾಟ್ರಿ ಖಾಲಿ ಆದ್ರ ಏನ್ ಎತ್ತ ಹೂಡ್ತಿ?"

ನಗಬೇಡಿ, ಲೆಕ್ಕ ಹಾಕಿ. ಮನೆಯ 15 ಆಂಪಿಯರ್ ಸಾಕೆಟ್‌ನಿಂದ ಸುಮಾರು ಮೂರು ಕಿಲೋವ್ಯಾಟ್ ಎಳೀಬಹುದು. ಆ ಹಳೇ ನೆಕ್ಸಾನ್ ತುಂಬೋಕೇ ಹತ್ತು ತಾಸಿನ ಮೇಲೆ ಬೇಕು, ಅದೂ ಕರೆಂಟು ಹೋಗದೇ ಇದ್ರೆ, ವೋಲ್ಟೇಜ್ ಬೀಳದೇ ಇದ್ರೆ. ಈಗ ಎಲ್ಲರೂ ಹೊಗಳೋ 79 ಕಿಲೋವ್ಯಾಟ್-ಅವರ್ ಬ್ಯಾಟರಿಯ ಮಹೀಂದ್ರಾ ಬಿಇ 6 ತಂದು ನಿಲ್ಲಿಸಿದರೆ ರಾತ್ರಿ, ಹಗಲು ದಾಟಿ ಮತ್ತೆ ರಾತ್ರಿ. ದೊಡ್ಡ ಬ್ಯಾಟರಿ ಪೇಟೆಯಲ್ಲಿ ಮುನ್ನಡೆ, ನಮ್ಮ ಹಿತ್ತಲಲ್ಲಿ ಹೊರೆ. ದಿನಕ್ಕೆ ಹುಬ್ಬಳ್ಳಿಗೆ ಹೋಗಿಬರೋ ಕಾಕಾನಂಥವರಿಗೆ ಚಿಕ್ಕ ಬ್ಯಾಟರಿಯ ಕಾರೇ ವಾಸಿ, ಆದರೆ ರಿವ್ಯೂಗಳಲ್ಲಿ ಅದಕ್ಕೆ ಯಾವಾಗಲೂ ಕೊನೇ ಸ್ಥಾನ.

ಹೋದ ದೀಪಾವಳಿಗೆ ಗೆಳೆಯನ ಕಾರಿನಲ್ಲಿ ಊರಿಗೆ ಹೊರಟಾಗ ಹೆದ್ದಾರಿಯ ಒಂದು ಚಾರ್ಜರ್ ಆಪ್‌ನಲ್ಲಿ ಹಸಿರು ತೋರಿಸ್ತಿತ್ತು. ಎದುರಿಗೆ ಹೋದರೆ ಸ್ಕ್ರೀನೇ ಕಪ್ಪು. ಪಕ್ಕದ ಹೋಟೆಲಿನ ಹುಡುಗ, "ಅದು ಕೆಟ್ಟು ವಾರ ಆತ್ರಿ" ಅಂದ. ನಮ್ಮದು ಆ ವರ್ಷದ ಅತಿ ಮುಂದುವರಿದ ಕಾರು. ಚಹಾ ಕುಡಿದು, ಎಸಿ ಆರಿಸಿ, ನಲವತ್ತರ ವೇಗದಲ್ಲಿ ಮುಂದಿನ ಚಾರ್ಜರ್ ಹುಡುಕಿಕೊಂಡು ಹೊರಟೆವು.