ತೆಳುವಾದದ್ದೆಲ್ಲ ಸರಳವಲ್ಲ

ಟೈಟನ್ ಎಡ್ಜ್ ಮಾರುಕಟ್ಟೆಗೆ ಬಂದದ್ದು 2002ರಲ್ಲಿ. ಯಂತ್ರದ ದಪ್ಪ 1.15 ಮಿ.ಮೀ., ಇಡೀ ಗಡಿಯಾರದ ದಪ್ಪ 3.5 ಮಿ.ಮೀ. ಹೊಸೂರಿನ ಎಂಜಿನಿಯರುಗಳ ಈ ಸಾಧನೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ, ನಾನೂ ಅಲ್ಲಗಳೆಯುವುದಿಲ್ಲ. ಆದರೆ ಅಂದಿನಿಂದ ಒಂದು ಮಾತು ಚರ್ಚೆಯೇ ಇಲ್ಲದೆ ಬೇರೂರಿಬಿಟ್ಟಿದೆ: ಸರಳ ಸೌಂದರ್ಯದ ದಿನಬಳಕೆಯ ಭಾರತೀಯ ವಾಚು ಎಂದರೆ ಎಡ್ಜ್. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಗೌರವ ಸಲ್ಲಬೇಕಾದದ್ದು ಎಚ್‌ಎಂಟಿ ಜನತಾಗೆ.

ಎಚ್‌ಎಂಟಿಯ ಕಥೆ ಓದುಗರಿಗೆ ಗೊತ್ತಿರುವುದೇ. ಜಪಾನಿನ ಸಿಟಿಜನ್ ಜತೆಗಿನ ಒಪ್ಪಂದ, ಜಾಲಹಳ್ಳಿಯ ಕಾರ್ಖಾನೆ, ನೆಹರೂ, 2016ರಲ್ಲಿ ವಾಚು ಕಂಪನಿಯನ್ನು ಮುಚ್ಚುವ ಕೇಂದ್ರದ ತೀರ್ಮಾನ, ಇವನ್ನೆಲ್ಲ ಮತ್ತೆ ಹೇಳಬೇಕಿಲ್ಲ. ಇಲ್ಲಿ ಮುಖ್ಯವಾದದ್ದು 1961 ಎಂಬ ಇಸವಿ. ಬೆಂಗಳೂರಿನ ಗಡಿಯಾರ ಕಾರ್ಖಾನೆಯೂ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೂ ಹುಟ್ಟಿದ್ದು ಆ ವರ್ಷ. ಒಂದು ಊರಿನಲ್ಲಿ ವಸ್ತು ತಯಾರಾಗತೊಡಗಿತು, ಇನ್ನೊಂದರಲ್ಲಿ ವಸ್ತುವನ್ನು ಅಳೆಯುವ ಕ್ರಮ. ಆ ಅಳತೆಯನ್ನು ಈ ವಸ್ತುವಿಗೆ ಹಿಡಿದು ನೋಡುವ ಕೆಲಸ ಮಾತ್ರ ನಮ್ಮ ವಿಮರ್ಶೆಯಲ್ಲಿ ಆಗಲೇ ಇಲ್ಲ.

ಅಹಮದಾಬಾದಿನ ಸಂಸ್ಥೆಗೆ ತಳಹದಿಯಾದದ್ದು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಕೊಟ್ಟ ವರದಿ. ಅದರಲ್ಲಿ ಅವರು ನಮ್ಮ ಲೋಟಾವನ್ನು ಹೊಗಳಿ ಸುಮ್ಮನಾಗುವುದಿಲ್ಲ, ಸಾಲುಸಾಲಾಗಿ ಪ್ರಶ್ನೆ ಕೇಳುತ್ತಾರೆ. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ ಹೇಗೆ ಕೂರಬೇಕು, ಸೊಂಟದ ಮೇಲೆ ಹೇಗೆ ನಿಲ್ಲಬೇಕು, ಬಗ್ಗಿಸಿದಾಗ ನೀರು ಹೇಗೆ ಬೀಳಬೇಕು, ಹಳತಾದ ಮೇಲೆ ಅದರ ಲೋಹಕ್ಕೆ ಬೆಲೆಯೇನು. ಪ್ರಶ್ನೆಗಳೆಲ್ಲ ಬಳಕೆಯಿಂದಲೇ ಹುಟ್ಟಿದವು. ಎಷ್ಟು ತೆಳುವಾಗಿದೆ, ಎಷ್ಟು ಖಾಲಿಯಾಗಿದೆ ಎಂಬುದು ತನ್ನಷ್ಟಕ್ಕೇ ಒಂದು ಗುಣವಾಗಿ ಅಲ್ಲಿ ಬರುವುದಿಲ್ಲ. ದಿನವೂ ಕಟ್ಟುವ ವಾಚಿಗೂ ಅದೇ ಪರೀಕ್ಷೆ ಸಲ್ಲಬೇಕು.

ಸೆಕೆಂಡಿನ ಮುಳ್ಳೊಂದನ್ನೇ ತೆಗೆದುಕೊಳ್ಳೋಣ. ಎಡ್ಜ್‌ನ ಹೆಸರಾದ ಮಾದರಿಗಳಲ್ಲಿ ಅದು ಇಲ್ಲ. ಗಂಟೆ ಮತ್ತು ನಿಮಿಷದ ಮುಳ್ಳುಗಳ ಮೇಲೆ ಮೂರನೆಯದೊಂದು ಕೂತರೆ ಎತ್ತರ ಹೆಚ್ಚುತ್ತದೆ. ತೆಳ್ಳಗಾಗಲು ಹೊರಟ ವಾಚಿಗೆ ಅದು ಹೊರೆ. ಇದನ್ನು ನಮ್ಮವರು ಸಂಯಮವೆಂದು ಓದಿದರು. ನಿಮಿಷಕ್ಕೆ ಬದುಕುವವರಿಗೆ ಸೆಕೆಂಡು ಯಾಕೆ ಎಂಬುದು ಅವರ ವಾದ. ಆದರೆ ಸೆಕೆಂಡು ಎಣಿಸುವುದು ಆ ಮುಳ್ಳಿನ ಎರಡನೆಯ ಕೆಲಸ. ವಾಚು ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಸುವುದು ಮೊದಲನೆಯದು. ಎಡ್ಜ್ ನಡೆಯುವುದು ಸೆಲ್ಲಿನಿಂದ. ಸೆಲ್ ಮುಗಿದ ಗಳಿಗೆಯಲ್ಲಿ ಎರಡು ಮುಳ್ಳುಗಳು ಹತ್ತೂಕಾಲಿಗೆ ನಿಂತರೆ, ಹತ್ತೂವರೆಗೆ ನೋಡಿದವರಿಗೂ ಆ ಮುಖ ಸರಿಯಾಗಿಯೇ ಕಾಣುತ್ತದೆ. ನಿಮಿಷದ ಮುಳ್ಳಿನ ಚಲನೆ ಕಣ್ಣಿಗೆ ಬೀಳುವಂಥದ್ದಲ್ಲ. ಬಸ್ಸು ತಪ್ಪಿದ ಮೇಲೆಯೇ ವಾಚು ನಿಂತದ್ದು ಗೊತ್ತಾಗುವುದು. ತನ್ನ ಸುಳ್ಳನ್ನು ತಾನೇ ಹೇಳಿಕೊಳ್ಳಲಾರದ ಗಡಿಯಾರವನ್ನು ಸರಳವೆಂದು ಕರೆಯಲು ನನಗೆ ಸಾಧ್ಯವಿಲ್ಲ.

ಜನತಾ ದಿನವೂ ಕೀ ಕೊಡಬೇಕಾದ ವಾಚು. ಮರೆತರೆ ನಿಲ್ಲುತ್ತದೆ. ಅದರ ನಡುವಿನಿಂದ ಹೊರಟ ಸೆಕೆಂಡಿನ ಮುಳ್ಳು ಆ ಮರೆವನ್ನು ಒಂದೇ ನೋಟಕ್ಕೆ ತೋರಿಸಿಬಿಡುತ್ತದೆ. ಅಂದರೆ ಯಂತ್ರದ ದೌರ್ಬಲ್ಯಕ್ಕೆ ಮುಖದಲ್ಲೇ ಉತ್ತರವಿದೆ. ಅದನ್ನು ಕಿತ್ತು ನೋಡಿ, ವಾಚು ಕುರುಡಾಗುತ್ತದೆ. ತೆಗೆದರೆ ನಷ್ಟವಾಗುವುದನ್ನು ಉಳಿಸಿಕೊಂಡು, ನಷ್ಟವಾಗದ್ದನ್ನು ಬಿಡುವುದೇ ಮಿತ ವಿನ್ಯಾಸ.

ಇಷ್ಟು ಹೇಳಿದ ಕೂಡಲೇ ಒಂದು ಬಣ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದತ್ತ ಕೈ ತೋರಿಸುತ್ತದೆ. ನೇಥನ್ ಜಾರ್ಜ್ ಹಾರ್ವಿಟ್ 1947ರಲ್ಲಿ ರೂಪಿಸಿದ, ಹನ್ನೆರಡರ ಜಾಗದಲ್ಲಿ ಒಂದೇ ಬೊಟ್ಟಿರುವ ಕಪ್ಪು ಡಯಲ್ ಅವರ ಪಾಲಿಗೆ ಪರಮಪದ. ಅದು ಒಳ್ಳೆಯ ಚಿತ್ರ. ಆದರೆ ಒಂದು ನಿಮಿಷವೆಂದರೆ ವೃತ್ತದಲ್ಲಿ ಆರು ಡಿಗ್ರಿ. ಹನ್ನೆರಡು ಗೆರೆಗಳಿದ್ದರೆ ಕಣ್ಣು ಮೂವತ್ತು ಡಿಗ್ರಿಯೊಳಗೆ ಅಂದಾಜು ಮಾಡಿದರೆ ಸಾಕು, ಒಂದೇ ಬೊಟ್ಟಿದ್ದರೆ ಮುನ್ನೂರ ಅರುವತ್ತರೊಳಗೆ. ಡಯಲ್ಲಿನಿಂದ ತೆಗೆದ ಕೆಲಸವನ್ನೆಲ್ಲ ನೋಡುವವರ ತಲೆಗೆ ಹೊರಿಸಿದ್ದಾಯಿತು. ಇದೇ ಬಣ ಮ್ಯಾಕ್ಸ್ ಬಿಲ್ ಹೆಸರನ್ನೂ ಆಗಾಗ ಎತ್ತುತ್ತದೆ. ಜರ್ಮನಿಯ ಉಲ್ಮ್ ವಿನ್ಯಾಸ ಶಾಲೆಯ ಮೊದಲ ಮುಖ್ಯಸ್ಥ ಅವರು. ಆ ಶಾಲೆಯ ಚಿಂತನೆ ಹ್ಯಾನ್ಸ್ ಗೂಗೆಲೋಟ್ ಮೂಲಕ 1965ರಲ್ಲಿ ಅಹಮದಾಬಾದಿಗೂ ಬಂತು. ಆದರೆ ಬಿಲ್ ಯುಂಗ್‌ಹಾನ್ಸ್ ಕಂಪನಿಗೆ ಮಾಡಿಕೊಟ್ಟ ಡಯಲ್‌ಗಳನ್ನು ಇವರು ನಿಜಕ್ಕೂ ನೋಡಿದ್ದಾರೆಯೇ? ಅಂಚಿನ ಸುತ್ತ ನಿಮಿಷದ ಗೆರೆಗಳು ಒಂದೂ ಬಿಡದಂತೆ ತುಂಬಿಕೊಂಡಿವೆ. ಬಿಲ್ ನಿಲ್ಲುವುದು ನಿಮಿಷದ ಗೆರೆಗಳಿರುವ ಜನತಾದ ಪಕ್ಕದಲ್ಲಿ, ಖಾಲಿ ಡಯಲ್ಲಿನವರ ಪಕ್ಕದಲ್ಲಿ ಅಲ್ಲ.

ಇನ್ನೊಂದು ಬಣಕ್ಕೆ ಎಚ್‌ಎಂಟಿಯ ಹೊಗಳಿಕೆಯೆಲ್ಲ ಹಳಹಳಿಕೆ. ಅಪ್ಪನ ಮದುವೆಯ ವಾಚು, ನಿವೃತ್ತಿಯ ದಿನದ ಉಡುಗೊರೆ ಎಂಬ ನೆನಪುಗಳ ಬಲದಿಂದ ಈ ವಾಚು ನಿಂತಿದೆ ಎನ್ನುತ್ತಾರೆ. ಮೇಲೆ ಹೇಳಿದ ಯಾವ ಮಾತಿಗೂ ನೆನಪಿನ ಆಸರೆ ಬೇಕಾಗಿಲ್ಲ. ಎಚ್‌ಎಂಟಿಯ ಹೆಸರನ್ನೇ ಕೇಳದ ಇಪ್ಪತ್ತರ ಹುಡುಗಿಯ ಕೈಗೆ ಎರಡೂ ವಾಚು ಕೊಟ್ಟು ಸಮಯ ಕೇಳಿ. ವಾದ ಅಲ್ಲಿಗೆ ಮುಗಿಯುತ್ತದೆ.

ಜನತಾದ ಕುಂದುಗಳೂ ಇವೆ. ನೀರಿಗೆ ಅಂಜುತ್ತದೆ. ದಿನಕ್ಕಿಷ್ಟು ಹಿಂದೆ ಮುಂದೆ ಓಡುತ್ತದೆ, ಸೆಲ್ಲಿನ ವಾಚಿನ ನಿಖರತೆ ಅದಕ್ಕಿಲ್ಲ. ಹದಿನೇಳು ಜ್ಯುವೆಲ್, ಪ್ಯಾರಾ ಶಾಕ್ ಎಂದು ಡಯಲ್ ಮೇಲೆ ಅಚ್ಚು ಹಾಕಿದ್ದು ಅನಗತ್ಯ, ಆ ಮಾತು ಬೆನ್ನಿನ ಮುಚ್ಚಳಕ್ಕೆ ಸೇರಬೇಕಿತ್ತು. ತೋಳಿನ ಗುಂಡಿ ಹಾಕಿದಾಗ ಅಂಗಿಯೊಳಗೆ ಎಡ್ಜ್ ಜಾರುವಷ್ಟು ನಯವಾಗಿ ಅದು ಜಾರುವುದಿಲ್ಲ. ಈ ಯಾವುದೂ ಸಮಯ ಓದಲು ಅಡ್ಡ ಬರುವುದಿಲ್ಲ, ಹಾಗಾಗಿ ನನ್ನ ತೀರ್ಪೂ ಬದಲಾಗುವುದಿಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹಳೆಯ ಎಚ್‌ಎಂಟಿ ಎಂದು ಮಾರಾಟವಾಗುವ ಕಡುನೀಲಿ, ಕಡುಹಸಿರು ಡಯಲ್‌ಗಳಲ್ಲಿ ಬಹಳಷ್ಟು ಮರುಬಣ್ಣದವು. ಅಕ್ಷರಗಳ ಅಂಚು ಒಡೆದಿದ್ದರೆ, ನಿಮಿಷದ ಗೆರೆಗೂ ಗಂಟೆಯ ಗುರುತಿಗೂ ತಾಳೆ ಇಲ್ಲದಿದ್ದರೆ ಕೆಳಗಿಡಿ. ಬಣ್ಣ ಮಾಸಿದರೂ ಮೂಲದ ಬಿಳಿ ಡಯಲ್ ಇರುವುದನ್ನೇ ಹುಡುಕಿ. ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೊಡುವ ರಿಪೇರಿಯವರು ಚಿಕ್ಕಪೇಟೆಯಲ್ಲೂ ಇದ್ದಾರೆ, ಅಹಮದಾಬಾದಿನ ಹಳೇ ಪೇಟೆಯಲ್ಲೂ ಇದ್ದಾರೆ. ಹಳತಾದ ಮೇಲೆ ಏನು ಎಂಬ ಈಮ್ಸ್ ಪ್ರಶ್ನೆಗೂ ಇದೇ ಉತ್ತರ.

ಎಡ್ಜ್ ಎಂಜಿನಿಯರಿಂಗಿನ ದೊಡ್ಡ ಸಾಧನೆ. ಮದುವೆಗೆ, ಸಭೆಗೆ ಕಟ್ಟಿಕೊಳ್ಳಿ. ದಿನವೂ ಕಟ್ಟಲು ಒಂದೇ ವಾಚು ಬೇಕೆನ್ನುವವರು ಜನತಾ ಕೊಳ್ಳಲಿ. ನಮ್ಮ ವಿನ್ಯಾಸದ ತರಗತಿಗಳೂ ಸರಳತೆಯ ಪಾಠಕ್ಕೆ ಇನ್ನು ಮುಂದೆ ಅದನ್ನೇ ಮೇಜಿನ ಮೇಲಿಡಲಿ.